ಅಕ್ಕನ ಮನೆಯ ಬಿಳಿ ಡಬ್ಬಿಗಳು

ಅಕ್ಕನ ಅತ್ತೆ ಮಾಲೂರಿಗೆ ಹೋಗಬೇಕಿತ್ತು, ಹೋಗಲಾರದೆ ಕೂತಿದ್ದರು. ಮಾಲೂರಿನಲ್ಲಿ ಅವರ ಮಗಳಿದ್ದಾರೆ. ನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಕಂಪನಿ ಬಸ್ಸು ಬರುವ ಹೊತ್ತಿಗೆ ರಸ್ತೆಯಲ್ಲಿ ನಿಂತಿರಬೇಕು. ಆ ಮಗಳ ಮಗಳಿಗೆ ಹೆರಿಗೆ ಹತ್ತಿರವಾಗಿತ್ತು. ಎಳೆಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆಯುವುದರಲ್ಲಿ ಅತ್ತೆಯದು ಬೀದಿಗೆಲ್ಲ ಗೊತ್ತಿದ್ದ ಕೈ. ಮರಿಮಗುವಿಗೆ ತಾವೇ ಎರೆಯಬೇಕೆಂದು ಅವರು ಮನಸ್ಸು ಮಾಡಿಕೊಂಡಿದ್ದರು. ಆದರೆ ಶ್ರೀನಿವಾಸಪುರದ ಆ ಮನೆಯಲ್ಲಿ ಅವರನ್ನು ಬಿಟ್ಟರೆ ಇದ್ದವಳು ನನ್ನ ಅಕ್ಕ ಒಬ್ಬಳೇ. ಅಕ್ಕ ಗಾಲಿಕುರ್ಚಿಯಲ್ಲಿದ್ದಳು.

ಭಾವ ತೀರಿಕೊಂಡ ಅಪಘಾತದಲ್ಲೇ ಅಕ್ಕನ ಕುತ್ತಿಗೆಯ ಮೂಳೆಗೆ ಪೆಟ್ಟಾಗಿತ್ತು. ಕಾಲು ಹೋಯಿತು. ಕೈ ಉಳಿಯಿತು, ಬೆರಳುಗಳಲ್ಲಿ ಮಾತ್ರ ಬಲ ಉಳಿಯಲಿಲ್ಲ. ಅಂಗೈಯಿಂದ ಕುರ್ಚಿಯ ಗಾಲಿ ತಳ್ಳಿಕೊಂಡು ಮನೆಯೆಲ್ಲ ಓಡಾಡುತ್ತಾಳೆ. ಗೋಡೆಯ ಸ್ವಿಚ್ಚು ಎಟುಕುವುದಿಲ್ಲ, ಎಟುಕಿದರೂ ಒತ್ತಲು ಬೆರಳು ಮಾತು ಕೇಳುವುದಿಲ್ಲ. ಮೊಬೈಲಿನ ಪರದೆಯ ಮೇಲೆ ಬೆರಳು ಜಾರಿ ಇನ್ನೇನೋ ಆಗುತ್ತದೆ. ಕಂಪ್ಯೂಟರಿನ ಕೀಲಿಗಳು ಒಗ್ಗಿದವು. ಅಂಗೈಗೆ ಪಟ್ಟಿ ಕಟ್ಟಿಕೊಂಡು, ಅದರಲ್ಲಿ ಒಂದು ಪೆನ್ಸಿಲ್ಲು ಸಿಕ್ಕಿಸಿ, ಅದರ ಹಿಂಬದಿಯಿಂದ ಒಂದೊಂದೇ ಕೀಲಿ ಕುಟ್ಟುತ್ತಾಳೆ. ಮೊದಲು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು, ಈಗ ಸಂಜೆ ಹತ್ತನೆಯ ತರಗತಿಯ ಮಕ್ಕಳು ಅವಳ ಹಾಲಿಗೇ ಬರುತ್ತಾರೆ. ಬೆಳಗ್ಗೆಯೂ ಸಂಜೆಯೂ ಸ್ನಾನಕ್ಕೆ, ಮಂಚದಿಂದ ಕುರ್ಚಿಗೆ ಕೂರಿಸುವುದಕ್ಕೆ ಪಕ್ಕದ ಬೀದಿಯ ಹೆಂಗಸೊಬ್ಬರು ಬಂದು ಹೋಗುತ್ತಾರೆ. ಉಳಿದ ಹೊತ್ತು ಅತ್ತೆಯೇ ಎಲ್ಲ.

ನಾನು ಕೋಲಾರದಲ್ಲಿ ಒಂದು ದಿನಪತ್ರಿಕೆಯ ಸುದ್ದಿಮನೆಯಲ್ಲಿದ್ದೇನೆ. ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ಅಕ್ಕ ಕೋಲಾರಕ್ಕೆ ಬಂದು ನಮ್ಮ ಜೊತೆ ಇರಲಿ, ಅತ್ತೆ ನಿಶ್ಚಿಂತೆಯಾಗಿ ಮಾಲೂರಿಗೆ ಹೋಗಲಿ ಎಂದು ಎಲ್ಲರಿಗಿಂತ ಮೊದಲು ಹೇಳಿದವನು ನಾನೇ.

"ಬಂದು?" ಎಂದಳು ಅಕ್ಕ. "ನಿನ್ನ ಹಾಲಲ್ಲಿ ಟೀವಿ ಪಕ್ಕ ಇನ್ನೊಂದು ಕುರ್ಚಿ ಆಗ್ಲಾ?"

"ಹಂಗಲ್ಲ ಕಣೇ ಅಕ್ಕಾ..."

"ಹಂಗೇ ಕಣೋ. ನನ್ನ ಮಕ್ಕಳು ಇಲ್ಲಿಗೆ ಬರ್ತಾರೆ. ಕೋಲಾರಕ್ಕೆ ಬರ್ತಾರಾ? ನಿನ್ನ ಭಾವ ಮನೆ ತುಂಬಾ ಆ ಬಿಳಿ ಡಬ್ಬಿ ಹಾಕಿಟ್ಟು ಹೋಗವ್ರೆ. ಅವನ್ನ ಕಂಪ್ಯೂಟರಿಗೆ ಮಾತಾಡ್ಸಿ ಕೊಡು. ಬೆಳಗ್ಗೆ ಬರೋರು ಅಡುಗೆನೂ ಮಾಡಿಟ್ಟು ಹೋಗ್ತಾರೆ. ದೀಪ, ಫ್ಯಾನು, ನೀರಿನ ಮೋಟರು ಇಷ್ಟು ನನ್ನ ಕೈಗೆ ಬಂದ್ರೆ ಅತ್ತೆ ಹೋಗ್ಲಿ, ನಾನು ಇಲ್ಲೇ ಇರ್ತೀನಿ. ಬರ್ಲಿಲ್ವಾ, ನೀನು ಹೇಳ್ದಂಗೆ ಗಂಟು ಕಟ್ತೀನಿ."

ಅತ್ತೆ ಒಳಗಿನಿಂದಲೇ ಕೇಳಿಸಿಕೊಂಡು ಬಂದರು. ಶ್ರೀನಿವಾಸಪುರದ ಕಡೆಯವರ ಹಾಗೆ ಅವರಿಗೆ ಕನ್ನಡವೂ ತೆಲುಗೂ ಒಂದೇ ಬಾಯಲ್ಲಿ ಬರುತ್ತವೆ. "ಏಮಪ್ಪಾ, ನೀನು ಪೇಪರಿನೋನು. ಅವಳು ಹಟಮಾರಿ, ಆಗದಿದ್ರೂ ಆಗುತ್ತೆ ಅಂತಾಳೆ. ನಾನು ಮುದುಕಿ, ಆದ್ರೂ ಆಗಲ್ಲ ಅಂತೀನಿ. ನೀನು ಕಣ್ಣಾರೆ ನೋಡಿ ಹೇಳು. ನೀನು ಆಗುತ್ತೆ ಅಂದ್ರೆ ಹೋಗ್ತೀನಿ. ಇಲ್ಲಾಂದ್ರೆ ಆ ಮಗೂಗೆ ಯಾರೋ ಒಬ್ರು ಎರೀತಾರೆ, ಪೋನೀ."

ಪೋನೀ ಎಂದರೆ ಹೋಗಲಿ ಬಿಡು ಎಂದು. ಹೋಗಲಿ ಎನ್ನುವ ಮುಖ ಅವರದಾಗಿರಲಿಲ್ಲ.

ಆ ಡಬ್ಬಿಗಳ ವಿಷಯ ಹೇಳಬೇಕು. ಭಾವ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದವರು, ಜೊತೆಗೆ ಬೆಂಗಳೂರಿನ ಮನೆಗಳಲ್ಲಿ ವೈರಿಂಗ್ ಕೆಲಸಕ್ಕೂ ಹೋಗುತ್ತಿದ್ದರು. ಅಲ್ಲೊಂದು ದೊಡ್ಡ ಮನೆಯವರು ಹೊಸ ಬಗೆಯ ಉಪಕರಣ ಹಾಕಿಸಿಕೊಂಡು, ಹಳೆಯದನ್ನು ಬಿಚ್ಚಿ ಮೂಲೆಗೆಸೆದಿದ್ದರು. ಭಾವ ಅದನ್ನು ಚೀಲದಲ್ಲಿ ತುಂಬಿಕೊಂಡು ಬಂದು ತಮ್ಮ ಮನೆಯ ಸ್ವಿಚ್ ಬೋರ್ಡುಗಳ ಹಿಂದೆ ಕೂರಿಸಿದರು. ಅವುಗಳಲ್ಲಿ ಒಂದು ದೊಡ್ಡ ಡಬ್ಬಿ. ಅದನ್ನು ಹಾಲಿನ ಪ್ಲಗ್ಗಿಗೆ ಸಿಕ್ಕಿಸಿದರೆ ರಿಮೋಟಿನಿಂದ ಗಾಳಿಯಲ್ಲಿ ಬರುವ ಅಪ್ಪಣೆಯನ್ನು ಹಿಡಿದು, ಮನೆಯ ಕರೆಂಟಿನ ವೈರಿನೊಳಕ್ಕೇ ಬಿಡುತ್ತದೆ. ದೀಪ, ಫ್ಯಾನುಗಳ ಹಿಂದಿರುವ ಸಣ್ಣ ಡಬ್ಬಿಗಳು ಆ ವೈರಿನಲ್ಲಿ ತಮ್ಮ ಹೆಸರು ಕೇಳಿಬಂದಾಗ ಹತ್ತುತ್ತವೆ, ಆರುತ್ತವೆ. ಪ್ರತಿಯೊಂದಕ್ಕೂ ಒಂದು ಅಕ್ಷರ, ಒಂದು ಅಂಕಿ. ಹಲ್ಲಿನ ಸಣ್ಣ ಚಕ್ರವನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ಅವನ್ನು ಇಡಬೇಕು. ಇಂಟರ್ನೆಟ್ಟು ಬೇಡ, ಯಾರ ಸರ್ವರೂ ಬೇಡ.

ರಿಮೋಟಿನ ಗುಂಡಿ ಅಕ್ಕನ ಬೆರಳಿಗೆ ಗಟ್ಟಿ. ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿ ರಿಮೋಟಿನ ಕೆಲಸವನ್ನೇ ಮಾಡಿಸುವ ಹೆಬ್ಬೆರಳಿನ ಗಾತ್ರದ ಒಂದು ಸಾಧನವೂ ಅದೇ ಚೀಲದಲ್ಲಿತ್ತು. ಕಂಪ್ಯೂಟರಿನಿಂದ ನೇರ ವೈರು ಎಳೆಯುವುದಕ್ಕಿಂತ ಅದೇ ವಾಸಿ. ನೆಲದ ಮೇಲೆ ವೈರು ಬಿದ್ದರೆ ಗಾಲಿಗೆ ಸುತ್ತಿಕೊಳ್ಳುತ್ತದೆ. ಆದರೆ ಅದು ಹಳೆಯ ಕಾಲದ ಒಂಬತ್ತು ಸೂಜಿಯ ಕಿಂಡಿಗೆ ಕೂರುವಂಥದ್ದು. ಈಗಿನ ಕಂಪ್ಯೂಟರಿನಲ್ಲಿ ಆ ಕಿಂಡಿಯೇ ಇಲ್ಲ. ಬೆಂಗಳೂರಿಗೆ ಹೋದಾಗ ಒಂದಕ್ಕೊಂದನ್ನು ಹೊಂದಿಸುವ ತುಂಡು ಕೇಬಲ್ಲು ಹುಡುಕಿ ತಂದೆ. ಮೊದಲು ತಂದದ್ದು ಕೆಲಸಕ್ಕೆ ಬರಲಿಲ್ಲ, ಎರಡನೆಯದು ಬಂತು. ಅಂತರ್ಜಾಲದಲ್ಲಿ ಯಾರೋ ಹವ್ಯಾಸಿ ಬರೆದಿಟ್ಟಿದ್ದ ಪುಟ್ಟ ಪ್ರೋಗ್ರಾಮನ್ನು ಇಳಿಸಿಕೊಂಡು, ಅಂಕಿ ಒತ್ತಿದರೆ ಅಪ್ಪಣೆ ಹೋಗುವ ಹಾಗೆ ಮಾಡಿದೆ. ಒಂದು ಒತ್ತಿದರೆ ಹಾಲಿನ ದೀಪ. ಎರಡು ಒತ್ತಿದರೆ ಅವಳ ಕೋಣೆಯ ಫ್ಯಾನು. ಮೂರಕ್ಕೆ ಅಡುಗೆಮನೆ, ನಾಲ್ಕಕ್ಕೆ ಬಚ್ಚಲು, ಐದಕ್ಕೆ ತೊಟ್ಟಿಗೆ ನೀರೆತ್ತುವ ಮೋಟರಿನ ಸ್ಟಾರ್ಟರು.

ಮೊದಲ ದಿನ ಅಕ್ಕ ಪೆನ್ಸಿಲ್ಲಿನಿಂದ ಮೂರನ್ನು ಕುಟ್ಟಿದಾಗ ಹಿಂದಿನಿಂದ ಅತ್ತೆ ಕೂಗಿದರು: "ಹತ್ತಿತಮ್ಮಾ!"

ನಾನು ಸಂತೋಷಪಟ್ಟೆ. ಕಾಫಿ ಕುಡಿದು ಇನ್ನೊಮ್ಮೆ ನೋಡೋಣವೆಂದರೆ ಮೂರೂ ಇಲ್ಲ, ನಾಲ್ಕೂ ಇಲ್ಲ, ಐದೂ ಇಲ್ಲ. ಒಂದು, ಎರಡು ಮಾತ್ರ ಸರಿಯಾಗಿ ಕೆಲಸ ಮಾಡುತ್ತಿದ್ದವು.

ಆ ಮನೆ ಉದ್ದಕ್ಕಿದೆ. ಮುಂದೆ ಹಾಲು, ಅಕ್ಕನ ಕೋಣೆ. ಹಿಂದೆ ಅಡುಗೆಮನೆ, ಬಚ್ಚಲು, ಮೋಟರು. ನಡುವೆ ನಮ್ಮ ಕಡೆಯ ಹಳೆಯ ಮನೆಗಳಲ್ಲಿರುವಂತೆ ಕಲ್ಲಿನ ಚಪ್ಪಡಿ ನಿಲ್ಲಿಸಿ ಕಟ್ಟಿದ ಗೋಡೆ. ಕಲ್ಲೇ ಅಡ್ಡಿ ಎಂದು ನಾನು ತೀರ್ಮಾನಿಸಿದೆ. ಗೋಡೆಗೆ ಒತ್ತಿ ಒಂದು ಕಬ್ಬಿಣದ ಟ್ರಂಕೂ ಇತ್ತು. ಅದನ್ನು ಎಳೆದು ಬದಿಗಿಟ್ಟು ಮತ್ತೆ ಪರೀಕ್ಷೆ ಮಾಡಿದರೆ ಅಡುಗೆಮನೆಯ ದೀಪ ಹತ್ತಿತು.

"ಟ್ರಂಕು," ಎಂದೆ.

"ಟ್ರಂಕಾ?" ಎಂದಳು ಅಕ್ಕ. ನಂಬಿದ ಧ್ವನಿ ಅಲ್ಲ ಅದು. ಆದರೂ ಅತ್ತೆ ಟ್ರಂಕಿನಲ್ಲಿದ್ದ ಕಂಬಳಿಗಳನ್ನೆಲ್ಲ ಗೋಣಿಗೆ ತುಂಬಿ ಟ್ರಂಕನ್ನು ಪಕ್ಕದ ಮನೆಗೆ ಕಳಿಸಿಯೇ ಬಿಟ್ಟರು.

ಕೋಲಾರಕ್ಕೆ ಬಂದ ಮೇಲೆ ಅಕ್ಕನ ಫೋನು. "ನಿನ್ನ ಟ್ರಂಕು ಪಕ್ಕದ ಮನೇಲಿದೆ. ದೀಪ ಇನ್ನೂ ಹತ್ತಲ್ಲ."

ಸುದ್ದಿಮನೆಯಲ್ಲಿ ನಾನು ಹೊಸಬರಿಗೆ ಹೇಳುವುದು ಒಂದೇ ಮಾತು. ಒಂದಾದ ಮೇಲೊಂದು ನಡೆದರೆ ಮೊದಲನೆಯದು ಎರಡನೆಯದಕ್ಕೆ ಕಾರಣವೆಂದು ಬರೆಯಬೇಡಿ, ಮೊದಲು ವಿಚಾರಿಸಿ. ಅದನ್ನು ನನಗೆ ನಾನೇ ಹೇಳಿಕೊಂಡು, ವಾರದ ರಜೆಯ ದಿನ ಮುಳಬಾಗಿಲಿಗೆ ಹೋದೆ. ಅಲ್ಲಿ ಭಾವನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಎಲೆಕ್ಟ್ರಿಷಿಯನ್ ಒಬ್ಬರ ಅಂಗಡಿಯಿದೆ. ಮನೆಮಾತು ದಖ್ಖನಿ, ನಮ್ಮೊಡನೆ ಕನ್ನಡ. ಭಾವನನ್ನು ಉಸ್ತಾದ್ ಎಂದೂ ಅಕ್ಕನನ್ನು ಭಾಬಿ, ಅಂದರೆ ಅತ್ತಿಗೆ, ಎಂದೂ ಕರೆಯುವವರು. ಅವರನ್ನು ಕರೆದುಕೊಂಡು ಶ್ರೀನಿವಾಸಪುರಕ್ಕೆ ಬಂದೆ. ಅವರು ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ, ಊದಿ, ಮೂಸಿ, ಮತ್ತೆ ಹಾಕಿದರು.

"ಭಾಬಿ, ನಿಜ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇದು ಮ್ಯೂಸಿಯಮ್ಮಿಗೆ ಕೊಡೋ ಸಾಮಾನು. ಡಬ್ಬಿ ಒಳಗೇ ಸತ್ತೋಗೈತೆ."

"ಸತ್ತಿದ್ರೆ ಬೆಳಗ್ಗೆ ಹೆಂಗೆ ಹತ್ತಿತು?" ಎಂದಳು ಅಕ್ಕ.

"ಸಾಯೋ ಮುಂಚೆ ಒಂದ್ಸಲ ಕಣ್ ಬಿಡ್ತಾರಲ್ಲ, ಹಂಗೆ."

"ಹಂಗೆ ದಿನಾ ಕಣ್ ಬಿಡ್ತೈತೆ ಭಾಯಿ. ಸಾಯೋದು ಯಾವಾಗ್ಲೋ ಒಂದೊಂದ್ಸಲ."

ಅವರು ನಕ್ಕು, ಹೊಸದನ್ನೇ ಹಾಕಿಸಿಬಿಡಿ ಎಂದು ಹೇಳಿ ಬಸ್ಸು ಹತ್ತಿದರು. ಹೊಸದು ಹಾಕಬಹುದಿತ್ತು. ಅಂಥವನ್ನು ನಾನೂ ನೋಡಿದ್ದೆ. ಇಂಟರ್ನೆಟ್ಟು ಇದ್ದಾಗ ನಡೆಯುತ್ತವೆ. ಅಕ್ಕನ ಮನೆಯ ಇಂಟರ್ನೆಟ್ಟು ಮಾವಿನ ಲಾರಿಯೊಂದು ಕೇಬಲ್ಲಿಗೆ ತಗುಲಿದರೆ ಎರಡು ದಿನ ಬರುವುದಿಲ್ಲ. ಪಾಠ ನಿಂತರೆ ನಿಲ್ಲಲಿ, ಬಚ್ಚಲಿನ ದೀಪ ನಿಂತರೆ ಏನು ಮಾಡುವುದು ಎಂದಳು ಅಕ್ಕ. ಅದು ನ್ಯಾಯವಾದ ಪ್ರಶ್ನೆ.

ಆ ದಿನ ನಾನು ಹೊರಡಲಿಲ್ಲ. ಹಾಲು ಮತ್ತು ಅಡುಗೆಮನೆಯ ನಡುವಿನ ಓಣಿಯಂಥ ಜಾಗದಲ್ಲಿ ಒಂದು ಮಣೆ ಹಾಕಿಕೊಂಡು ಕೂತೆ. ಅಲ್ಲಿಂದ ಎರಡೂ ಕಡೆ ಕಾಣುತ್ತದೆ. ಅಕ್ಕನಿಗೆ, ಸ್ವಲ್ಪ ಸ್ವಲ್ಪ ಹೊತ್ತಿಗೆ ಮೂರನ್ನು ಒತ್ತುತ್ತಿರು ಎಂದೆ. ದೀಪ ಹತ್ತುತ್ತಿತ್ತು, ಆರುತ್ತಿತ್ತು. ಅತ್ತೆ ಅಲಸಂದೆಕಾಯಿ ಬಿಡಿಸುತ್ತಾ ನನ್ನನ್ನು ಬಯ್ಯುತ್ತಿದ್ದರು.

"ಓದಿದ ಗಂಡಸು ಓಣೀಲಿ ಮಣೆ ಮೇಲೆ ಕೂತ್ಕೊಂಡು ಬಲ್ಬು ನೋಡ್ತಾವ್ನೆ. ನಿಮ್ಮ ಪೇಪರಿನೋರಿಗೆ ಗೊತ್ತಾದ್ರೆ ಸಂಬಳ ಕೊಡ್ತಾರಾ?"

"ಇವತ್ತು ರಜ ಅಮ್ಮಾ."

"ರಜ ಅಂತೆ. ಹೆಂಡ್ತೀನ ಸಿನಿಮಾಗೆ ಕರ್ಕೊಂಡ್ ಹೋಗೋದು ಬಿಟ್ಟು... ಅಯ್ಯೋ, ನೋಡು, ಮಂಕಾಯ್ತು."

ಊರಾಚೆ ಮಾವಿನ ತೋಪುಗಳ ಬೋರ್‌ವೆಲ್ಲುಗಳು ಶುರುವಾಗಿರಬೇಕು. ಅಡುಗೆಮನೆಯ ಫ್ಯಾನು ನಿಧಾನವಾಗಿತ್ತು. ಅತ್ತೆ ಮಡಿಲಿನ ಕಾಳನ್ನು ಮೊರಕ್ಕೆ ಸುರಿದು ಎದ್ದುಬಂದು, ಮಾತು ನಿಲ್ಲಿಸದೆಯೇ, ನನ್ನ ತಲೆಯ ಮೇಲೆ ಗೋಡೆಯಲ್ಲಿದ್ದ ಹಿಡಿಯನ್ನು ಕೆಂಪಿನಿಂದ ಹಳದಿಗೆ ಟಕ್ಕೆಂದು ತಿರುಗಿಸಿದರು. ಫ್ಯಾನು ಮತ್ತೆ ಜೋರಾಯಿತು. ಅವರು ಹೋಗಿ ಕೂತು ಕಾಳು ಬಿಡಿಸತೊಡಗಿದರು.

ಅಕ್ಕ ಮೂರನ್ನು ಒತ್ತಿದಳು. ದೀಪ ಹತ್ತಲಿಲ್ಲ.

ನಮ್ಮ ಕಡೆ ಮೂರು ಫೇಸಿನ ಕರೆಂಟು ಇರುವ ಮನೆಯವರೆಲ್ಲ ಮಾಡುವುದೇ ಇದು. ಕಂಬದಿಂದ ಬರುವ ಮೂರು ಫೇಸುಗಳಲ್ಲಿ ಒಂದು ಸೊರಗಿದರೆ, ಸೆಲೆಕ್ಟರ್ ಎನ್ನುವ ಆ ಹಿಡಿಯನ್ನು ತಿರುಗಿಸಿ ಚೆನ್ನಾಗಿರುವ ಫೇಸಿಗೆ ಮನೆಯನ್ನು ಹಾಕಿಕೊಳ್ಳುತ್ತೇವೆ. ಬಿಸಿಲು ಬಂದರೆ ಕಿಟಕಿಯ ಬಾಗಿಲು ಎಳೆದುಕೊಂಡಷ್ಟೇ ಸಹಜವಾದ ಕೆಲಸ. ಯಾರೂ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ, ಹೇಳುವುದೂ ಇಲ್ಲ. ನಮ್ಮ ಮನೆಯಲ್ಲೂ ದಿನಕ್ಕೆ ಎಷ್ಟು ಸಲ ತಿರುಗಿಸುತ್ತೇವೋ ನಾನು ಹೇಳಲಾರೆ. ಕಡಿಮೆ ವೋಲ್ಟೇಜಿನಲ್ಲಿ ನೀರಿನ ಮೋಟರು ಸುಟ್ಟುಹೋಗದಿರಲೆಂದು ಭಾವ ಮನೆಯ ಹಿಂಭಾಗಕ್ಕೆ ಮಾತ್ರ ಸೆಲೆಕ್ಟರ್ ಹಾಕಿದ್ದರು. ಮುಂಭಾಗ ಯಾವಾಗಲೂ ಕೆಂಪು ಫೇಸಿನಲ್ಲೇ ಇರುತ್ತಿತ್ತು. ಹಾಲಿನ ಡಬ್ಬಿ ತನ್ನ ಮಾತನ್ನು ಕೆಂಪು ಫೇಸಿನ ವೈರಿನಲ್ಲಿ ಹೇಳುತ್ತಿತ್ತು. ಹಿಂಭಾಗ ಹಳದಿಗೋ ನೀಲಿಗೋ ಹೋದರೆ, ಅಲ್ಲಿನ ಡಬ್ಬಿಗಳಿಗೆ ಅದು ಕೇಳಿಸುವುದಾದರೂ ಹೇಗೆ?

ನಾನು ಎದ್ದು ಕೂಗಲಿಲ್ಲ. ಟ್ರಂಕಿನ ಪಾಠ ಒಮ್ಮೆಗೆ ಸಾಕಾಗಿತ್ತು.

"ಅಮ್ಮಾ, ಅದನ್ನ ಮತ್ತೆ ಕೆಂಪಿಗೆ ತಿರುಗಿಸ್ತೀರಾ?"

"ಯಾಕೆ? ಮಂಕಾಗುತ್ತೆ."

"ಆಗ್ಲಿ."

ತಿರುಗಿಸಿದರು. ಅಕ್ಕ ಒತ್ತಿದಳು, ಹತ್ತಿತು. ಹಳದಿಗೆ ಹಾಕಿಸಿದೆ, ಕೇಳಲಿಲ್ಲ. ನೀಲಿಗೆ ಹಾಕಿಸಿದೆ, ಕೇಳಲಿಲ್ಲ. ಕೆಂಪಿಗೆ ಬಂದಾಗಲೆಲ್ಲ ಕೇಳಿತು. ಅತ್ತೆಗೆ ಕೈ ನೋಯುವಷ್ಟು ಸಲ ಹಾಗೆ ಮಾಡಿಸಿದ ಮೇಲೆ ವಿಷಯ ಹೇಳಿದೆ. ಅತ್ತೆ ಹಿಡಿಯ ಮೇಲಿಂದ ಕೈ ತೆಗೆದರು.

"ಅಂದ್ರೆ ಇಷ್ಟು ದಿನ ನಾನೇ ಕೆಡಿಸ್ತಿದ್ದೆ ಅಂತೀಯಾ?"

"ಕೆಡಿಸಿದ್ದಲ್ಲ ಅಮ್ಮಾ..."

"ಟ್ರಂಕೂ ಅಲ್ಲ, ಕಲ್ಲೂ ಅಲ್ಲ, ಮುದುಕಿ!" ಎಂದು ಹಾಲಿನಿಂದ ಅಕ್ಕ ಕೂಗಿದಳು. ಅವಳ ನಗು ಆ ಓಣಿಯವರೆಗೂ ಬಂತು. ಅತ್ತೆ ನಗಲಿಲ್ಲ. ಹಿಡಿಯ ಕಡೆ ಕೈ ತೋರಿಸಿ ಅಂದರು: "ಸರಿ ಬಿಡು. ಹಂಗಾದ್ರೆ ನಾನು ಹೋದ್ರೆ ತಿರುಗಿಸೋರೇ ಇರಲ್ಲ. ಎಲ್ಲಾ ಸರಿ ಹೋಗುತ್ತೆ. ನಾಳೇನೇ ಹೊರಡ್ತೀನಿ."

ಅಕ್ಕನ ನಗು ನಿಂತಿತು. ಕುರ್ಚಿ ತಳ್ಳಿಕೊಂಡು ಓಣಿಗೆ ಬಂದಳು. "ಇಲ್ಲ ಅತ್ತೆ. ಮಂಕಾಗಿದ್ದಾಗ ನಾನು ಮೋಟರು ಹಾಕಿದ್ರೆ ಸುಟ್ಟೋಗುತ್ತೆ. ಹಾಕ್ದೆ ಇದ್ರೆ ನೀರಿರಲ್ಲ. ತಿರುಗಿಸೋರು ಬೇಕೇ ಬೇಕು. ನಾನೇ ತಿರುಗಿಸ್ಬೇಕು."

ಅವಳು ತಲೆಯೆತ್ತಿ ನೋಡಿದಳು. ಹಿಡಿ ನಿಂತವರ ಹಣೆಯೆತ್ತರಕ್ಕಿತ್ತು.

ಆಮೇಲಿನ ಕೆಲಸ ನಿಧಾನವಾಗಿ, ಆದರೆ ಗುರಿ ತಪ್ಪದೆ ಸಾಗಿತು. ಮುಳಬಾಗಿಲಿನವರನ್ನು ಮತ್ತೆ ಕರೆಸಿದೆ. ಸೆಲೆಕ್ಟರನ್ನು ಇಳಿಸಿ, ಕುರ್ಚಿಯಲ್ಲಿ ಕೂತವಳ ಎದೆಮಟ್ಟಕ್ಕೆ ಹಾಕಿಕೊಡಿ, ಬೆರಳಿಲ್ಲದೆ ಅಂಗೈಯಿಂದ ತಳ್ಳುವ ಹಾಗೆ ಹಿಡಿಗೊಂದು ಮರದ ಉದ್ದನೆಯ ಕೋಲು ಜೋಡಿಸಿ ಎಂದೆ. ಅದು ಅವರಿಗೆ ತಟ್ಟನೆ ಅರ್ಥವಾಯಿತು. ಎರಡು ಫೇಸಿನ ಸಂಗತಿ ಹೇಳಿದಾಗ ಹಣೆ ಬಡಿದುಕೊಂಡರು.

"ಅರೇ! ನಮ್ಮ ಉಸ್ತಾದ್ ಇಲ್ಲಿಗೆ ಸೆಲೆಕ್ಟರ್ ಹಾಕ್ದಾಗ ಸ್ಕ್ರೂ ಹಿಡ್ಕೊಂಡಿದ್ದೋನು ನಾನೇ ಭಾಬಿ. ಮರ್ತೇ ಬಿಟ್ಟಿದ್ದೆ."

"ಸತ್ತಿದ್ದು ಡಬ್ಬಿ ಅಲ್ಲ ಅಂತ ಈಗಾದ್ರೂ ಒಪ್ತೀರಾ?"

"ಒಪ್ದೆ. ಚಾಯ್ ಕೊಡಿಸಿ, ಇನ್ನೂ ಜೋರಾಗಿ ಒಪ್ತೀನಿ."

ವೈರು ದಾಟದ್ದನ್ನು ಗಾಳಿ ದಾಟುತ್ತದೆ ಎಂಬುದು ಅಕ್ಕನಿಗೆ ಹೊಳೆದದ್ದು. ಕಂಪ್ಯೂಟರು ಅಪ್ಪಣೆಯನ್ನು ಹೇಗೂ ಗಾಳಿಯಲ್ಲೇ ಬಿಡುತ್ತದೆ. ಹಾಲಿನಲ್ಲಿರುವಂಥ ದೊಡ್ಡ ಡಬ್ಬಿ ಇನ್ನೊಂದು ಅಡುಗೆಮನೆಯಲ್ಲೂ ಇದ್ದರೆ, ಅದು ತಾನೇ ಗಾಳಿಯಿಂದ ಹಿಡಿದು ಹಿಂಭಾಗದ ವೈರಿನಲ್ಲಿ ಹೇಳುತ್ತದೆ. ಹಿಂಭಾಗ ಯಾವ ಫೇಸಿನಲ್ಲಿದ್ದರೇನು? ಆದರೆ ಅಂಥ ಡಬ್ಬಿ ಈಗ ಯಾರೂ ಮಾರುವುದಿಲ್ಲ. ನಾನು ಅದರ ಚಹರೆ ವಿವರಿಸುತ್ತಿದ್ದಾಗ ಮುಳಬಾಗಿಲಿನವರು ಚಹಾ ಲೋಟ ಕೆಳಗಿಟ್ಟರು.

"ಇಂಥದ್ದು ಒಂದು ನಮ್ಮ ಅಂಗಡೀಲಿ ಬಾಗಿಲಿಗೆ ಅಡ್ಡ ಇಟ್ಟಿದೀನಿ, ಸಾರ್. ಗಾಳಿಗೆ ಬಾಗಿಲು ಹಾಕ್ಕೊಳ್ದೆ ಇರ್ಲಿ ಅಂತ. ಅದೂ ಅದೇ ಚೀಲದಲ್ಲಿ ಬಂದಿದ್ದು, ಉಸ್ತಾದ್ ನಂಗೆ ಕೊಟ್ಟಿದ್ರು."

"ಭಾಯಿ, ಬಾಗಿಲಿಗೆ ಒಂದು ಒಳ್ಳೆ ಕಲ್ಲು ಕಳಿಸ್ತೀನಿ," ಎಂದಳು ಅಕ್ಕ.

ಬಾಗಿಲಿನ ಡಬ್ಬಿ ಬಂತು. ಧೂಳು ಒರೆಸಿ ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಜೀವ ಇತ್ತು. ಈಗ ಹಳದಿಯಲ್ಲೂ ಅಡುಗೆಮನೆ ಮಾತು ಕೇಳಿತು, ನೀಲಿಯಲ್ಲೂ ಕೇಳಿತು. ಕೆಂಪಿಗೆ ಹಾಕಿದಾಗ ಎಲ್ಲ ಗೊಂದಲವಾಯಿತು. ಒಂದು ದೀಪ ಹತ್ತಿ, ಇನ್ನೊಂದು ಸುಮ್ಮನಿರುತ್ತಿತ್ತು. ಇಡೀ ಮನೆ ಒಂದೇ ಫೇಸಿಗೆ ಬಂದಾಗ ಎರಡು ದೊಡ್ಡ ಡಬ್ಬಿಗಳೂ ಒಂದೇ ಮಾತನ್ನು ಒಂದೇ ವೈರಿನಲ್ಲಿ ಒಟ್ಟಿಗೇ ಕೂಗಿ, ಒಂದರ ಮಾತು ಇನ್ನೊಂದರಲ್ಲಿ ಕಲಸಿಹೋಗುತ್ತಿತ್ತು. ಅದಕ್ಕೂ ದಾರಿ ಇತ್ತು. ಹಾಲಿನ ಡಬ್ಬಿಗೆ ಒಂದು ಅಕ್ಷರ, ಅಡುಗೆಮನೆಯದಕ್ಕೆ ಬೇರೊಂದು ಅಕ್ಷರ ಕೊಟ್ಟರೆ, ಯಾರ ಹೆಸರು ಬಂತೋ ಅವರಷ್ಟೇ ಬಾಯಿ ತೆಗೆಯುತ್ತಾರೆ. ಹಿಂಭಾಗದ ಸಣ್ಣ ಡಬ್ಬಿಗಳ ಚಕ್ರಗಳನ್ನೆಲ್ಲ ಹೊಸ ಅಕ್ಷರಕ್ಕೆ ತಿರುಗಿಸಿದೆವು. ಅಕ್ಕ ಪ್ರೋಗ್ರಾಮಿನಲ್ಲಿ ಪೆನ್ಸಿಲ್ಲಿನಿಂದ ತಾನೇ ಅಕ್ಷರ ಬದಲಿಸಿದಳು. ನಾನು ಮಾಡಿಕೊಡುತ್ತೇನೆಂದು ಕೈ ಚಾಚಿದರೆ ಪೆನ್ಸಿಲ್ಲಿನಿಂದ ನನ್ನ ಬೆರಳಿನ ಮೇಲೆ ಕುಟ್ಟಿದಳು.

"ನೀನು ಇಲ್ದಾಗ ಕೆಟ್ರೆ ಯಾರು ಮಾಡ್ತಾರೋ?"

ಅತ್ತೆ ಇಷ್ಟಕ್ಕೆಲ್ಲ ಒಪ್ಪುವವರಲ್ಲ. ಅವರದೊಂದು ಷರತ್ತು. ಒಂದು ದಿನ, ಬೆಳಗ್ಗೆ ಸ್ನಾನಕ್ಕೆ ಬರುವ ಹೆಂಗಸು ಹೋದಮೇಲೆ ಸಂಜೆ ಅವರು ಮತ್ತೆ ಬರುವವರೆಗೆ ತಾವು ಪಕ್ಕದ ಮನೆಯಲ್ಲಿರುವುದು. ನಾನು ಹಾಲಿನಲ್ಲಿ ಕೂತಿರಬೇಕು, ಕೈ ಹಾಕಬಾರದು. ಸಂಜೆ ಕಂಡದ್ದನ್ನು ಕಂಡ ಹಾಗೆ ಹೇಳಬೇಕು.

"ತಮ್ಮ ಅಂತ ಅವಳ ಪರ ಸೇರಿಸಿ ಹೇಳ್ಬಾರದು."

"ಸೇರ್ಸಲ್ಲ ಅಮ್ಮಾ."

"ದೇವರಾಣೆ ಅಂತ ಹೇಳು."

"ಪೇಪರಾಣೆ ಅಂತ ಹೇಳ್ಸಿ ಅತ್ತೆ," ಎಂದಳು ಅಕ್ಕ. "ದೇವರಿಗೆ ಇವನು ಹೆದ್ರಲ್ಲ."

ಆ ದಿನ ಮಧ್ಯಾಹ್ನದವರೆಗೆ ಎಲ್ಲ ಸಲೀಸು. ಅಕ್ಕ ಅಡುಗೆಮನೆಗೆ ಹೋಗುವ ಮೊದಲು ಕಂಪ್ಯೂಟರಿನಲ್ಲಿ ದೀಪ ಹಾಕಿ ಹೋದಳು, ಅತ್ತೆ ಮಾಡಿಟ್ಟಿದ್ದ ಮುದ್ದೆ ಸಾರು ಉಂಡಳು, ಬಂದು ಆರಿಸಿದಳು. ಬಿಸಿಲು ಇಳಿಯುವ ಹೊತ್ತಿಗೆ ಫ್ಯಾನು ಸೊರಗಿತು. ತೊಟ್ಟಿಯಲ್ಲಿ ನೀರಿರಲಿಲ್ಲ. ಕೈತೊಳೆಯಲು ಹೋದಾಗಲೇ ನಲ್ಲಿ ಬರೀ ಗಾಳಿ ಊದಿತ್ತು.

ಅವಳು ಮೂರನ್ನು ಒತ್ತಿ ಅಡುಗೆಮನೆಯ ದೀಪ ಹಾಕಿ ಓಣಿಗೆ ಹೋದಳು. ನಾನಿದ್ದಲ್ಲಿಂದ ಅವಳ ಬೆನ್ನೂ ಮರದ ಕೋಲೂ ಕಾಣುತ್ತಿದ್ದವು. ಅಂಗೈಯಿಟ್ಟು ತಳ್ಳಿದಳು. ಹಿಡಿ ಕೆಂಪನ್ನು ಬಿಟ್ಟಿತು, ಹಳದಿಗೆ ಹೋಗಿ ಕೂರಲಿಲ್ಲ. ಎರಡರ ನಡುವೆ ನಿಂತಿತು. ಹಿಂಭಾಗವೆಲ್ಲ ಕತ್ತಲಾಯಿತು. ಆ ಓಣಿಗೆ ಕಿಟಕಿಯಿಲ್ಲ. ನಾನು ಕುರ್ಚಿಯಿಂದ ಎದ್ದೆ.

"ಕೂತ್ಕೋ," ಎಂದಳು, ತಿರುಗಿ ನೋಡದೆ.

ಕೂತೆ. ಅವಳ ಅಂಗೈ ಎರಡು ಸಲ ಕೋಲಿನಿಂದ ಜಾರಿತು. ಮೂರನೆಯ ಸಲ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಓರೆಯಾಗಿ ನಿಲ್ಲಿಸಿಕೊಂಡು, ಮುಂಗೈಯನ್ನು ಕೋಲಿಗೆ ಆನಿಸಿ, ಇನ್ನೊಂದು ಕೈಯಿಂದ ಗಾಲಿಯನ್ನು ಮುಂದಕ್ಕೆ ನೂಕಿದಳು. ಕುರ್ಚಿಯ ಭಾರವೇ ಕೋಲನ್ನು ತಳ್ಳಿತು. ಟಕ್ಕೆಂಬ ಶಬ್ದ ಬಂತು. ದೀಪ ಬಂತು, ಅಡುಗೆಮನೆಯ ಫ್ಯಾನು ತಿರುಗಿತು.

ಅವಳು ಹಾಲಿಗೆ ಬಂದು ಐದನ್ನು ಒತ್ತಿದಳು. ಹಿತ್ತಲಿನಲ್ಲಿ ಮೋಟರು ಗುಂಯ್ಗುಟ್ಟಿತು. ಆಮೇಲೆ ನನಗೂ ಅವಳಿಗೂ ಒಂದು ಮಾತಿಗೆ ವಾದ ಹತ್ತಿತು. ವಾರಕ್ಕೊಮ್ಮೆ ನಾನು ಬರುವುದು ಬೇಕೋ ಬೇಡವೋ ಎಂಬ ವಾದ. ಅದರಲ್ಲಿ ಇಬ್ಬರೂ ಮೋಟರನ್ನು ಮರೆತೆವು. ಪಕ್ಕದ ಮನೆಯ ತಾರಸಿಯಿಂದ ಅತ್ತೆಯ ಗಂಟಲು ಬೀದಿಗೆಲ್ಲ ಕೇಳಿಸಿತು:

"ಅಮ್ಮಾ! ತೊಟ್ಟಿ ತುಂಬಿ ನೀರು ರೋಡಿಗೆ ಹೋಗ್ತಾ ಇದೆ! ಪೇಪರಿನೋನು ನಿದ್ದೆ ಹೊಡೀತಾವ್ನಾ?"

ಅಕ್ಕ ಐದನ್ನು ಕುಟ್ಟಿದಳು. ಮೋಟರು ನಿಂತಿತು.

ಸಂಜೆ ಅತ್ತೆ ಬಂದು ನನ್ನೆದುರು ಕೂತರು. ನಾನು ಕಂಡದ್ದನ್ನು ಹೇಳಿದೆ. ದೀಪ ಎಲ್ಲ ಸಲವೂ ಮಾತು ಕೇಳಿತು. ಫೇಸು ತಿರುಗಿಸುವಾಗ ನಡುವೆ ನಿಂತು ಹಿಂಭಾಗ ಕತ್ತಲಾಯಿತು, ಅವಳೇ ಸರಿಮಾಡಿದಳು. ಮೋಟರು ನಡೆಯಿತು, ಆರಿಸಲು ಮರೆತು ನೀರು ಚೆಲ್ಲಿತು.

"ನೀರು ಚೆಲ್ಲಿದ್ದು ನಾನೇ ನೋಡ್ದೆ. ಅದು ನಂಗೂ ಆಗುತ್ತೆ. ಕತ್ತಲಾದಾಗ ನೀನು ಎದ್ದು ಹೋದ್ಯಾ?"

"ಎದ್ದೆ. ಹೋಗ್ಲಿಲ್ಲ."

"ಯಾಕೆ?"

"ಕೂತ್ಕೋ ಅಂದ್ಲು."

ಅತ್ತೆ ಅಕ್ಕನ ಕಡೆ ನೋಡಿದರು. ಮುಂಗೈಯ ಒಳಭಾಗ ಕೋಲು ಒತ್ತಿ ಕೆಂಪಾಗಿತ್ತು. ಅತ್ತೆ ಹತ್ತಿರ ಹೋಗಿ ಆ ಕೈ ಎತ್ತಿ ನೋಡಿ, "ಅಲ್ಲಿಗೆ ಬಟ್ಟೆ ಸುತ್ತಿಸ್ಬೇಕು," ಎಂದರು. ಆ ಕೋಲಿಗೆ ಅವರೇ ಹಳೆಯ ಸೀರೆಯ ತುಂಡೊಂದನ್ನು ದಪ್ಪವಾಗಿ ಸುತ್ತಿ ದಾರ ಬಿಗಿದರು. ಅದಾದಮೇಲೆ, "ಆಗುತ್ತೇನಪ್ಪಾ?" ಎಂದು ನನ್ನನ್ನು ಕೇಳಿದರು.

"ಆಗುತ್ತೆ," ಎಂದೆ. ಅದಕ್ಕೆ ಇನ್ನೊಂದು ಪದ ಸೇರಿಸುವ ಅಗತ್ಯ ಕಾಣಲಿಲ್ಲ.

ಮಾಲೂರಿಗೆ ಅವರನ್ನು ಕರೆದುಕೊಂಡು ಹೋದವನು ನಾನೇ. ಹರಳೆಣ್ಣೆಯ ಸೀಸೆ, ಮೆತ್ತಗಾದ ಹಳೆಯ ಪಂಚೆಗಳು, ಬಾಣಂತಿಗೆ ಖಾರದ ಪುಡಿ ಎಲ್ಲ ಒಂದೇ ಚೀಲದಲ್ಲಿ. ಮಗಳ ಮನೆ ಸೇರಿದ ಹೊತ್ತಿಗೆ ಮಗು ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದಿತ್ತು. ಮಗಳು ಪಾಳಿಗೆ ಹೊರಟು ನಿಂತಿದ್ದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ಹೋಗುವ ಮೊದಲು ನನ್ನ ಫೋನಿನಿಂದ ಅಕ್ಕನಿಗೆ ಮಾಡಿಸಿದರು. ಸ್ಪೀಕರಿನಲ್ಲಿ ಹಾಕಿ ಕೊಟ್ಟೆ.

"ಎಲ್ಲಾ ಹತ್ತುತ್ತಾ ಅಮ್ಮಾ?"

"ಏನೂ ಹತ್ತಲ್ಲ ಅತ್ತೆ."

ಅತ್ತೆಯ ಮುಖ ಬದಲಾಯಿತು. "ಏಮೈಂದಿ, ಏನಾಯ್ತು? ಕೋಲು ತಿರುಗಿಸ್ದ್ಯಾ?"

"ಮೂರೂ ಕಡೆ ತಿರುಗಿಸ್ದೆ. ಊರಲ್ಲೇ ಕರೆಂಟಿಲ್ಲ. ಕಂಬದ ಮೇಲೆ ಕೊಂಬೆ ಬಿದ್ದಿದೆಯಂತೆ, ಸಂಜೇವರೆಗೂ ಬರಲ್ಲ."

"ಅಯ್ಯೋ ದೇವ್ರೇ, ಒಬ್ಳೇ ಏನ್ ಮಾಡ್ತಾ ಇದೀಯಾ?"

"ಎಲ್ರೂ ಮಾಡೋದನ್ನೇ. ಬಾಗಿಲಲ್ಲಿ ಕೂತು ಬೀದಿಯೋರ ಜೊತೆ ಹರಟೆ ಹೊಡೀತಿದೀನಿ. ಈ ಫೋನ್ ಹಿಡ್ಕೊಂಡಿರೋರೂ ಅವರೇ. ಇವತ್ತು ಊರಿಗೆಲ್ಲಾ ನನ್ನ ಕಥೆನೇ, ಒಬ್ರ ಮನೇಲೂ ಸ್ವಿಚ್ಚು ಮಾತು ಕೇಳಲ್ಲ. ಮಗೂಗೆ ಎರೆದ್ರಾ?"

"ಈಗ ಎರೀಬೇಕು."

"ಮತ್ತೆ ಫೋನ್ ಹಿಡ್ಕೊಂಡು ಏನ್ ಮಾಡ್ತಿದೀರಾ? ನೀರು ಆರೋಗುತ್ತೆ."

ಅತ್ತೆ ಫೋನನ್ನು ನನ್ನ ಕೈಗಿಟ್ಟರು. ಒಂದು ಗಳಿಗೆ ಚೀಲದ ಕಡೆ ನೋಡಿದರು. ಅದರ ಗಂಟು ಇನ್ನೂ ಬಿಚ್ಚಿರಲಿಲ್ಲ, ಎತ್ತಿಕೊಂಡು ನನ್ನ ಜೊತೆ ಹೊರಟುಬಿಡುವುದು ಕಷ್ಟವಿರಲಿಲ್ಲ. ಬಗ್ಗಿ ಗಂಟು ಬಿಚ್ಚಿ, ಎಣ್ಣೆಯ ಸೀಸೆ ತೆಗೆದುಕೊಂಡು ಒಳಗೆ ಹೋದರು. ಬಚ್ಚಲಿನಿಂದ ಮಗುವಿನ ಅಳುವೂ ಅವರ ತೆಲುಗು ಜೋಗುಳವೂ ಒಟ್ಟಿಗೆ ಬಂದವು.

ನಾನು ಬಸ್ ನಿಲ್ದಾಣಕ್ಕೆ ಬಂದೆ. ಕೋಲಾರದಲ್ಲಿ ಇಳಿದು ಶ್ರೀನಿವಾಸಪುರದ ಬಸ್ಸು ಹಿಡಿದರೆ ಕತ್ತಲಾಗುವ ಮೊದಲು ಅಕ್ಕನ ಮನೆ ಸೇರಬಹುದಿತ್ತು. ಕೋಲಾರದಲ್ಲಿ ಆ ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರು ಊರಿನ ಹೆಸರು ಕೂಗುತ್ತಿದ್ದ. ನಾನು ಹತ್ತಲಿಲ್ಲ. ಕಚೇರಿಗೆ ನಡೆದುಹೋಗಿ ಆ ಸಂಜೆಯ ಪುಟಗಳಿಗೆ ಕೂತೆ.